ಕಥೆಯ ಹಬ್ಬ ಮುಗಿದ ಮೇಲೆ ಉಳಿಯಬೇಕಾದದ್ದು

ನಮ್ಮ ರಾಜ್ಯದ ಶಾಲೆಗಳಲ್ಲಿ ಕಥೆ ಹೇಳುವುದಕ್ಕೆ ಈಗ ಜಾಗ ಇಲ್ಲದಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವ ಸ್ಪರ್ಧೆಯಿದೆ. 2023ರ ಆರಂಭದಲ್ಲಿ ಕ್ಲಸ್ಟರ್ ಮಟ್ಟದಲ್ಲಿ ನಡೆದ ಕಲಿಕಾ ಹಬ್ಬದಲ್ಲಿ ‘ಊರು ತಿಳಿಯೋಣ’, ‘ಹಾಡು-ಆಡು’ ಎಂಬ ವಿಭಾಗಗಳಿದ್ದವು. ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನವನ್ನು ಆಧರಿಸಿ ಆಮೇಲೆ ನಡೆದ ಕಲಿಕಾ ಹಬ್ಬಗಳಲ್ಲಿ ಗಟ್ಟಿ ಓದು ಮತ್ತು ಕಥೆ ಹೇಳುವುದು ಎರಡೂ ಸೇರಿಕೊಂಡವು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿಯೂ ಮಕ್ಕಳಿಗಾಗಿ ಕಥೆಯ ಕಾರ್ಯಕ್ರಮಗಳು ನಡೆಯುತ್ತಿವೆ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗೆ ಇಂಥ ಹಬ್ಬದ ಯಾವುದಾದರೊಂದು ಜವಾಬ್ದಾರಿ ಹೆಗಲಿಗೆ ಬೀಳುವುದು ಖಂಡಿತ.

ಆದರೆ ಹಬ್ಬದ ಮರುದಿನ ತರಗತಿಯಲ್ಲಿ ಏನು ಉಳಿಯಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ತೋರಣ, ಬ್ಯಾನರ್, ಫೋಟೋ, ವರದಿ ಇಷ್ಟೇ ಉಳಿದರೆ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ ಮಗುವಿಗೆ ಸಿಕ್ಕಿದ್ದೇನು? ಓದು ಇನ್ನೂ ಕೈಗೆ ಹತ್ತದ ಆ ಮಗುವನ್ನು ಮುಂದಿಟ್ಟುಕೊಂಡೇ ಹಬ್ಬವನ್ನು ಯೋಜಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸ್ಪರ್ಧೆ ಬೇರೆ, ಹಬ್ಬ ಬೇರೆ

ಸ್ಪರ್ಧೆಯಲ್ಲಿ ಒಂದು ಮಗು ಹೇಳುತ್ತದೆ, ಉಳಿದವರು ಕೇಳುತ್ತಾರೆ, ತೀರ್ಪುಗಾರರು ಅಂಕ ಕೊಡುತ್ತಾರೆ. ಅಲ್ಲಿಗೆ ಶಾಲೆಯು ಸಹಜವಾಗಿಯೇ ಚುರುಕಾಗಿ ಮಾತಾಡುವ ಮಗುವನ್ನು ಆರಿಸಿ ಕಳಿಸುತ್ತದೆ. ಆ ಮಗು ಕಥೆಯನ್ನು ಬಾಯಿಪಾಠ ಮಾಡಿ, ಕೈಸನ್ನೆಗಳನ್ನು ಅಭ್ಯಾಸ ಮಾಡಿ, ಕೊನೆಯಲ್ಲಿ ನೀತಿಯನ್ನು ಹೇಳಿ ಇಳಿಯುತ್ತದೆ. ಇದರಿಂದ ಆ ಮಗುವಿಗೆ ಸಭಾಧೈರ್ಯ ಬರುತ್ತದೆ, ನಿಜ. ಆದರೆ ಮೊದಲೇ ಬಲ್ಲವರಿಗೆ ಅವಕಾಶ ಹೆಚ್ಚಿ, ಬಾರದವರು ಬಾರದವರಾಗಿಯೇ ಉಳಿಯುತ್ತಾರೆ.

ಹಬ್ಬದಲ್ಲಿ ಎಲ್ಲರಿಗೂ ಕೆಲಸವಿರಬೇಕು. ನಮ್ಮ ಮನೆಗಳಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವವರು ‘ಹೂಂ’ ಎನ್ನಲೇಬೇಕಿತ್ತು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕೇಳುವವರೂ ಕಥೆಯ ಪಾಲುದಾರರು ಎಂಬ ಈ ತಿಳಿವಳಿಕೆಯನ್ನು ಶಾಲೆಯೂ ಇಟ್ಟುಕೊಳ್ಳಬಹುದು. ಒಂದೇ ವೇದಿಕೆಗೆ ಬದಲು ಜಗಲಿ, ಮರದ ನೆರಳು, ಗ್ರಂಥಾಲಯದ ಮೂಲೆ ಹೀಗೆ ಐದಾರು ಕಡೆ ಎಂಟು ಹತ್ತು ಮಕ್ಕಳ ಗುಂಪುಗಳನ್ನು ಮಾಡಿದರೆ, ವೇದಿಕೆ ಹತ್ತಲು ಅಂಜುವ ಮಗುವೂ ಅಲ್ಲಿ ಬಾಯಿ ಬಿಡುತ್ತದೆ.

ಕೇಳಿದ ಕಥೆ ಓದಿಗೆ ಹೇಗೆ ನೆರವಾಗುತ್ತದೆ?

1986ರಲ್ಲಿ ಫಿಲಿಪ್ ಗೌ ಮತ್ತು ವಿಲಿಯಂ ಟನ್ಮರ್ ಓದನ್ನು ಒಂದು ಸರಳ ಸೂತ್ರದಲ್ಲಿ ವಿವರಿಸಿದರು. ಅಕ್ಷರಗಳನ್ನು ಗುರುತಿಸಿ ಪದವಾಗಿ ಬಿಡಿಸುವ ಶಕ್ತಿ ಮತ್ತು ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧವೇ ಅರ್ಥಸಹಿತ ಓದು. ಇವರು ಕೂಡಿಸುವುದನ್ನು ಹೇಳದೆ ಗುಣಿಸುವುದನ್ನು ಹೇಳಿದ್ದು ಮುಖ್ಯ. ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆಯೇ. ಸರಾಗವಾಗಿ ಓದಿಯೂ ‘ಏನು ಓದಿದೆ?’ ಎಂದರೆ ಸುಮ್ಮನಾಗುವ ಮಗುವೂ ಇದೆ, ಕೇಳಿದ್ದೆಲ್ಲ ಅರ್ಥವಾದರೂ ಒತ್ತಕ್ಷರ ಬಂದೊಡನೆ ತಡವರಿಸುವ ಮಗುವೂ ಇದೆ.

ಕಥೆ ಕೇಳುವುದು ಈ ಎರಡನೆಯ ಶಕ್ತಿಯನ್ನು ಬೆಳೆಸುತ್ತದೆ. ಹೊಸ ಪದ, ಉದ್ದ ವಾಕ್ಯ, ಕಾರ್ಯಕಾರಣ ಸಂಬಂಧ, ಮುಂದೇನಾಗಬಹುದು ಎಂಬ ಊಹೆ ಇವೆಲ್ಲ ಮಗುವಿಗೆ ಕಿವಿಯ ಮೂಲಕವೇ ದಕ್ಕುತ್ತವೆ. ಆದರೆ ಕಥೆ ಕೇಳಿದ ಮಾತ್ರಕ್ಕೆ ಅಕ್ಷರ ಬಾರದು. ಹೇಳಿದ ಕಥೆ ಅದೇ ವಾರ ಮಗುವಿನ ಕಣ್ಣಿಗೂ ಕೈಗೂ ಬರುವಂತೆ ಮಾಡಿದಾಗ ಮಾತ್ರ ಹಬ್ಬ ಓದಿನ ಹಬ್ಬವಾಗುತ್ತದೆ.

ಒಂದು ಕಥೆ, ಮೂರು ಹೆಜ್ಜೆ

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳೋಣ. ಇದಕ್ಕೆ ಪಾಠಾಂತರಗಳು ಹಲವು. ಎಲ್ಲರಿಗೂ ಗೊತ್ತಿರುವ ರೂಪದಲ್ಲಿ ಗುಬ್ಬಿಯದು ಕಲ್ಲಿನ ಮನೆ, ಕಾಗೆಯದು ಸಗಣಿಯ ಮನೆ. ಮಳೆಗೆ ಕಾಗೆಯ ಮನೆ ಕರಗಿಹೋಗುತ್ತದೆ. ಕಾಗೆ ಬಂದು ಬಾಗಿಲು ಬಡಿದಾಗಲೆಲ್ಲ ಗುಬ್ಬಿ ಮಗುವಿಗೆ ನೀರು ಹಾಕಬೇಕು, ಅಂಗಿ ತೊಡಿಸಬೇಕು ಎಂದು ಒಂದೊಂದು ನೆಪ ಹೇಳುತ್ತದೆ.

ಮೊದಲ ಹೆಜ್ಜೆ ಹೇಳುವುದು. ಪ್ರಶಿಕ್ಷಣಾರ್ಥಿ ಪುಸ್ತಕವಿಲ್ಲದೆ ಮಕ್ಕಳ ಮುಖ ನೋಡುತ್ತ ಕಥೆ ಹೇಳಬೇಕು. ಕಾಗೆ ಬಾಗಿಲು ಬಡಿಯುವ ಮಾತನ್ನು ಮಕ್ಕಳೆಲ್ಲ ಒಟ್ಟಿಗೆ ಹೇಳಲಿ. ಮಾತು ಮರಳಿ ಮರಳಿ ಬರುವುದರಿಂದ ಎರಡನೆಯ ಸಲಕ್ಕೇ ಅದು ಎಲ್ಲರ ಬಾಯಿಗೆ ಬಂದಿರುತ್ತದೆ.

ಎರಡನೆಯ ಹೆಜ್ಜೆ ಓದುವುದು. ಅದೇ ಕಥೆಯನ್ನು ಮಕ್ಕಳು ಮರಳಿ ಹೇಳುತ್ತಿದ್ದಂತೆ ಶಿಕ್ಷಕರು ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ, ಮಕ್ಕಳದೇ ವಾಕ್ಯಗಳಲ್ಲಿ ಬರೆಯಬೇಕು. ಆಮೇಲೆ ಬೆರಳಿಟ್ಟು ಎಲ್ಲರೂ ಸೇರಿ ಓದುವುದು. ಬಾಯಿಗೆ ಬಂದ ಮಾತನ್ನು ಕಣ್ಣು ಗುರುತಿಸುವುದು ಸುಲಭ. ಕಾಗಕ್ಕ, ಗುಬ್ಬಕ್ಕ ಎಂಬ ಎರಡು ಹೆಸರುಗಳಲ್ಲೇ ಸಜಾತೀಯ ಒತ್ತಕ್ಷರದ ಪಾಠವಿದೆ. ಒತ್ತಕ್ಷರವೆಂದರೆ ಹೆದರುವ ಮಗುವಿಗೆ ಪರಿಚಿತವಾದ ಈ ಹೆಸರುಗಳಿಂದ ಆರಂಭಿಸಿ ಅಕ್ಕ, ಹಬ್ಬ, ಬೆಕ್ಕು, ಹುಬ್ಬು ಎಂದು ಮುಂದೆ ಹೋಗಬಹುದು.

ಮೂರನೆಯ ಹೆಜ್ಜೆ ಬರೆಯುವುದು. ‘ಈ ಕಥೆಯಿಂದ ನೀವು ಕಲಿತ ನೀತಿಯೇನು?’ ಎಂದು ಕೇಳಿದರೆ ಇಡೀ ತರಗತಿ ಒಂದೇ ಉತ್ತರ ಬರೆಯುತ್ತದೆ. ಅದರ ಬದಲು ‘ಗುಬ್ಬಕ್ಕ ಇನ್ನೂ ಒಂದು ನೆಪ ಹೇಳುವುದಾದರೆ ಏನು ಹೇಳಬಹುದು?’ ಎಂದು ಕೇಳಿ. ಈ ಪ್ರಶ್ನೆಗೆ ತಪ್ಪು ಉತ್ತರವಿಲ್ಲ, ಒಂದೇ ವಾಕ್ಯ ಸಾಕು, ನಕಲು ಮಾಡಿ ಪ್ರಯೋಜನವೂ ಇಲ್ಲ. ಬರೆಯಲಾರದ ಮಗು ಚಿತ್ರ ಬಿಡಿಸಿ ಬಾಯಲ್ಲಿ ಹೇಳಲಿ, ಶಿಕ್ಷಕರು ಅದರ ಕೆಳಗೆ ಬರೆದುಕೊಡಲಿ. ಎಲ್ಲ ಹಾಳೆಗಳನ್ನು ಸೇರಿಸಿ ಹೊಲಿದರೆ ತರಗತಿಯದೇ ಒಂದು ಪುಸ್ತಕ. ಮಕ್ಕಳು ಮತ್ತೆ ಮತ್ತೆ ತೆಗೆದು ನೋಡುವುದು ತಮ್ಮ ಹೆಸರಿರುವ ಪುಸ್ತಕವನ್ನೇ. ಮೇಲಿನ ತರಗತಿಯವರು ಕಾಗೆಯ ಕಡೆಯಿಂದ ಅದೇ ರಾತ್ರಿಯ ಕಥೆಯನ್ನು ಬರೆಯಬಹುದು. ಸೃಜನಶೀಲ ಬರವಣಿಗೆ ಎಂದರೆ ಖಾಲಿ ಹಾಳೆ ಕೊಟ್ಟು ‘ಒಂದು ಕಥೆ ಬರೆಯಿರಿ’ ಎನ್ನುವುದಲ್ಲ. ಗೊತ್ತಿರುವ ಕಥೆಯ ಒಂದು ಬಾಗಿಲನ್ನು ಮಗುವಿಗೆ ತೆರೆದುಕೊಡುವುದು.

ಮನೆಮಾತಿನ ಕಥೆಗೆ ಜಾಗ

ಕರ್ನಾಟಕದ ತರಗತಿಯಲ್ಲಿ ಕನ್ನಡದೊಂದಿಗೆ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮಾತಾಡುವ ಮಕ್ಕಳಿರುತ್ತಾರೆ. ಕನ್ನಡದಲ್ಲೇ ಧಾರವಾಡದ ಮಾತು ಬೇರೆ, ಚಾಮರಾಜನಗರದ ಮಾತು ಬೇರೆ. ಪಠ್ಯದ ಕನ್ನಡದಲ್ಲಿ ಮೌನವಾಗುವ ಮಗು ತನ್ನ ಅಜ್ಜಿಯ ಮಾತಿನಲ್ಲಿ ಕಥೆ ಹೇಳಬಲ್ಲದು. ಹೇಳುವಾಗ ತಿದ್ದಬೇಡಿ. ಮೊದಲು ಅದರ ಮಾತಿನಲ್ಲೇ ಕಥೆ ಪೂರ್ತಿಯಾಗಲಿ. ಆಮೇಲೆ ‘ಇದನ್ನು ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ?’ ಎಂದು ಇಬ್ಬರೂ ಕೂಡಿ ನೋಡಬಹುದು.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜಾನಪದ ಕಥೆಯಲ್ಲಿ, ಒಬ್ಬ ಹೆಂಗಸು ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡದ್ದರಿಂದ ಅವು ಮುನಿದು ಹೊರಗೆ ಬಂದು ಅವಳ ಮನೆಯಲ್ಲಿ ಜಗಳ ಹಚ್ಚುತ್ತವೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿಯೂ ಹೇಳದೆ ಉಳಿದ ಕಥೆ ಹೆಣ್ಣಾಗಿ ರಂಗಕ್ಕೆ ಬರುತ್ತದೆ. ಊರಿನ ಹಿರಿಯರಲ್ಲಿ ಹೀಗೆ ಹೇಳದೆ ಉಳಿದ ಕಥೆಗಳೆಷ್ಟೋ. ಹಬ್ಬಕ್ಕೆ ಮೊದಲೇ ಮಕ್ಕಳು ಮನೆಯ ಹಿರಿಯರಿಂದ ಒಂದೊಂದು ಕಥೆ ಕೇಳಿಕೊಂಡು ಬರಲಿ. ಬಿಸಿಯೂಟದ ಅಡುಗೆಯವರು, ಕುರಿ ಕಾಯುವ ಅಜ್ಜ, ಅಂಗನವಾಡಿ ಕಾರ್ಯಕರ್ತೆಯರು ಹಬ್ಬದ ದಿನ ಒಂದೊಂದು ಗುಂಪಿನಲ್ಲಿ ಕುಳಿತು ಹೇಳಲಿ. ಅಕ್ಷರ ಬಾರದ ಪೋಷಕರು ಶಾಲೆಯಲ್ಲಿ ಕಲಿಸುವವರಾಗಿ ಕೂರುವ ಅಪರೂಪದ ಸಂದರ್ಭವಿದು.

ಕಥೆ ಮುಗಿದಲ್ಲಿ ಪುಸ್ತಕ ಸಿಗಬೇಕು

ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ವನ್ನು ನಮ್ಮಲ್ಲಿ ಬಹಳ ಮಂದಿ ಓದಿದ್ದಾರೆ. ಅದರಲ್ಲಿ ಲಕ್ಷ್ಮೀರಾಮ್ ಎಂಬ ಶಿಕ್ಷಕರು ಗಲಾಟೆಯ ನಾಲ್ಕನೆಯ ತರಗತಿಯನ್ನು ಕಥೆಯಿಂದ ಒಲಿಸಿಕೊಳ್ಳುತ್ತಾರೆ. ಅಷ್ಟಕ್ಕೇ ನಿಲ್ಲದೆ ಪಠ್ಯಪುಸ್ತಕದ ಹಣದಲ್ಲಿ ಕಥೆಪುಸ್ತಕಗಳನ್ನು ಕೊಂಡು ತರಗತಿಯಲ್ಲೇ ಗ್ರಂಥಾಲಯ ಮಾಡುತ್ತಾರೆ. ಹಸಿವು ಹುಟ್ಟಿದ ಹೊತ್ತಿಗೆ ಊಟವೂ ಸಿದ್ಧವಿರಬೇಕೆಂಬುದು ಇಲ್ಲಿನ ತಿರುಳು.

ನಮ್ಮಲ್ಲಿ ಆ ಸಿದ್ಧತೆಗೆ ದಾರಿಗಳಿವೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 2020ರ ನವೆಂಬರ್‌ನಲ್ಲಿ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಇಂದು ‘ಅರಿವು ಕೇಂದ್ರ’ ಎಂದು ಕರೆಯುವ ಈ ಗ್ರಂಥಾಲಯದಲ್ಲೇ ಹಬ್ಬ ಮಾಡಿದರೆ, ಮಕ್ಕಳು ಅಲ್ಲಿಂದ ಸದಸ್ಯತ್ವದ ಕಾರ್ಡು ಮತ್ತು ಒಂದು ಪುಸ್ತಕ ಹಿಡಿದು ಮನೆಗೆ ಹೋಗುವಂತೆ ಮಾಡಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ. ಮುದ್ರಿಸಿ ಬಳಸಲು ಅಡ್ಡಿಯಿಲ್ಲ.

ಬೋಧನಾಭ್ಯಾಸದಲ್ಲಿ ಯೋಜಿಸುವ ಬಗೆ

ನಾಲ್ಕು ವಾರ ಸಿಕ್ಕರೆ ಸಾಕು. ಮೊದಲ ವಾರ ಕಥೆ ಹೇಳುವುದು ಮತ್ತು ಮನೆಯಿಂದ ಕಥೆ ತರುವುದು. ಎರಡನೆಯ ವಾರ ಚಾರ್ಟಿನ ಓದು. ಮೂರನೆಯ ವಾರ ಬರಹ ಮತ್ತು ಪುಸ್ತಕ ಹೊಲಿಯುವುದು. ನಾಲ್ಕನೆಯ ವಾರ ಹಬ್ಬ. ಅದಕ್ಕೆ ತಿಂಗಳ ಬ್ಯಾಗ್ ರಹಿತ ಶನಿವಾರ ಅನುಕೂಲ. ಈ ಕ್ರಮದಲ್ಲಿ ಹಬ್ಬವು ಕಲಿಕೆಯ ಕೊನೆಯ ಮೆಟ್ಟಿಲಾಗುತ್ತದೆ, ಬಿಡಿ ಕಾರ್ಯಕ್ರಮವಾಗಿ ಉಳಿಯುವುದಿಲ್ಲ.

ವೀಕ್ಷಿಸುವ ಬೋಧಕ ಶಿಕ್ಷಕರಿಗೂ ಒಂದು ಕೋರಿಕೆ. ಪ್ರಶಿಕ್ಷಣಾರ್ಥಿಯ ಹಾವಭಾವ, ಧ್ವನಿಯ ಏರಿಳಿತಗಳಿಗೆ ಅಂಕ ಕೊಡುವುದರ ಜೊತೆಗೆ ಮಕ್ಕಳ ಕಡೆ ನೋಡಿ ಮೂರು ವಿಷಯ ದಾಖಲಿಸಿ. ಎಷ್ಟು ಮಕ್ಕಳು ಬಾಯಿ ತೆರೆದರು? ಎಷ್ಟು ಮಕ್ಕಳ ಬರಹ ಅಥವಾ ಚಿತ್ರ ತರಗತಿಯ ಪುಸ್ತಕ ಸೇರಿತು? ಹಬ್ಬವಾಗಿ ಎರಡು ವಾರ ಕಳೆದ ಮೇಲೆ ಎಷ್ಟು ಮಕ್ಕಳು ತಾವಾಗಿಯೇ ಪುಸ್ತಕ ಕೇಳಿ ಪಡೆದರು? ಮೂರನೆಯದಕ್ಕೆ ಗ್ರಂಥಾಲಯದ ವಹಿಯೇ ಸಾಕ್ಷಿ.

ಆ ವಹಿಯಲ್ಲಿ ಹಿಂದಿನ ಸಾಲಿನ ಮಗುವಿನ ಹೆಸರೂ ಇದ್ದರೆ ಹಬ್ಬ ಸಾರ್ಥಕ. ಇಲ್ಲದಿದ್ದರೆ ಮುಂದಿನ ಹಬ್ಬದ ಯೋಜನೆಯನ್ನು ಆ ಮಗುವಿನಿಂದಲೇ ಆರಂಭಿಸಬೇಕು.