ಗಡಿಯಾರ ಹಿಂದಕ್ಕೆ ಹೋದರೆ: ಪ್ರೋಗ್ರಾಮುಗಳಲ್ಲಿ ಕಾಲಾವಧಿಯ ಅಳತೆ

ಒಂದು ಕೆಲಸಕ್ಕೆ ಕಂಪ್ಯೂಟರ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ತಿಳಿಯಬೇಕಾದರೆ, ಕೆಲಸ ಆರಂಭವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಗಡಿಯಾರವನ್ನು ನೋಡಿ ಎರಡರ ವ್ಯತ್ಯಾಸ ತೆಗೆದರೆ ಸಾಕು ಎಂಬುದು ಪ್ರೋಗ್ರಾಮಿಂಗ್ ಕಲಿಯುವ ಬಹುತೇಕರ ತಿಳಿವಳಿಕೆ. ಈ ಲೆಕ್ಕದಲ್ಲಿ ದೋಷವಿಲ್ಲ. ಆದರೆ ಪ್ರತಿ ಕಂಪ್ಯೂಟರಿನಲ್ಲೂ ಒಂದಕ್ಕಿಂತ ಹೆಚ್ಚು ಗಡಿಯಾರಗಳಿದ್ದು, ಅವುಗಳಲ್ಲಿ ಯಾವುದನ್ನು ನೋಡಲಾಯಿತು ಎಂಬುದರ ಮೇಲೆ ಉತ್ತರದ ಸರಿತಪ್ಪು ನಿಂತಿದೆ. ‘ಈಗ ಎಷ್ಟು ಗಂಟೆ’ ಮತ್ತು ‘ಎಷ್ಟು ಹೊತ್ತಾಯಿತು’ ಎಂಬ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಗಡಿಯಾರಗಳು ಬೇಕು.

ಮದರ್‌ಬೋರ್ಡಿನ ಮೇಲೆ ದಿನಾಂಕ, ವೇಳೆಗಳನ್ನು ಕಾಯುವ ಪುಟ್ಟ ಸ್ಫಟಿಕವೊಂದಿದ್ದು, ಅದು ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುವುದರಿಂದ, ಸರಳವಾದ ಸರ್ಕ್ಯೂಟಿನಿಂದಲೇ ಸೆಕೆಂಡನ್ನು ಎಣಿಸಬಹುದು. ಆದರೆ ತಾಪಮಾನ ಬದಲಾದಂತೆ ಕಂಪನದ ವೇಗವೂ ತುಸು ಬದಲಾಗುತ್ತದೆ. ಹತ್ತು ಲಕ್ಷದಲ್ಲಿ 20 ಭಾಗದಷ್ಟು ವ್ಯತ್ಯಾಸವಾದರೂ ದಿನಕ್ಕೆ ಸುಮಾರು 1.7 ಸೆಕೆಂಡು ತಪ್ಪುತ್ತದೆ. ಇದನ್ನು ತಿದ್ದಲೆಂದೇ ಡೇವಿಡ್ ಮಿಲ್ಸ್ ರೂಪಿಸಿದ, 1985ರಲ್ಲಿ ಪ್ರಕಟವಾದ ಎನ್‌ಟಿಪಿ ಎಂಬ ವ್ಯವಸ್ಥೆಯು ಅಂತರ್ಜಾಲದ ಮೂಲಕ ನಿಖರ ಕಾಲವನ್ನು ಕೇಳಿ ಪಡೆದು, ಕಂಪ್ಯೂಟರಿನ ಗಡಿಯಾರವನ್ನು ಆಗಾಗ ಸರಿಪಡಿಸುತ್ತದೆ. ವ್ಯತ್ಯಾಸ ಸಣ್ಣದಾಗಿದ್ದರೆ ಗಡಿಯಾರದ ವೇಗವನ್ನಷ್ಟೇ ಹೆಚ್ಚು ಕಡಿಮೆ ಮಾಡಲಾಗುತ್ತದೆ. ದೊಡ್ಡದಾಗಿದ್ದರೆ ಗಡಿಯಾರ ಒಮ್ಮೆಲೇ ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಗಂಟೆ ಎಷ್ಟೆಂದು ಹೇಳುವ ಗಡಿಯಾರಕ್ಕೆ ಈ ತಿದ್ದುಪಡಿ ಅಗತ್ಯ. ಅವಧಿಯನ್ನು ಅಳೆಯುತ್ತಿರುವ ಪ್ರೋಗ್ರಾಮಿಗೆ ಅದೇ ಅಪಾಯ.

ಆ ಅಪಾಯ ನಿಜವಾದದ್ದು 2017ರ ಜನವರಿ 1ರಂದು. ಭೂಮಿಯ ಅಕ್ಷಭ್ರಮಣೆಗೂ ಪರಮಾಣು ಗಡಿಯಾರಗಳಿಗೂ ಹೊಂದಾಣಿಕೆ ಉಳಿಯಲೆಂದು, ಚಾಂದ್ರಮಾನ ಪಂಚಾಂಗಕ್ಕೆ ಅಧಿಕ ಮಾಸವನ್ನು ಸೇರಿಸುವಂತೆಯೇ, ಜಾಗತಿಕ ಕಾಲಕ್ಕೆ 1972ರಿಂದ ಈವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಗಿದೆ. ಅವುಗಳಲ್ಲಿ ಕೊನೆಯದು ಭಾರತೀಯ ಕಾಲಮಾನದಲ್ಲಿ ಆ ದಿನ ಬೆಳಿಗ್ಗೆ 5 ಗಂಟೆ 29 ನಿಮಿಷ 59 ಸೆಕೆಂಡುಗಳ ಬಳಿಕ ಬಂದಿತು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಯುನಿಕ್ಸ್ ಪದ್ಧತಿಯಲ್ಲಿ ಅಧಿಕ ಸೆಕೆಂಡಿಗೆ ಜಾಗವಿಲ್ಲದ ಕಾರಣ, ಲಿನಕ್ಸ್ ಕಂಪ್ಯೂಟರುಗಳ ಗಡಿಯಾರ ಒಂದು ಸೆಕೆಂಡು ಹಿಂದಕ್ಕೆ ಸರಿದು ಅದೇ 59ನೆಯ ಸೆಕೆಂಡನ್ನು ಮತ್ತೊಮ್ಮೆ ತೋರಿಸಿತು. ಆ ಸೆಕೆಂಡು ಮುಗಿಯಲು 10 ಮಿಲಿಸೆಕೆಂಡುಗಳಿರುವಾಗ ಹೊರಟ ಒಂದು ಕೋರಿಕೆಗೆ 20 ಮಿಲಿಸೆಕೆಂಡುಗಳಲ್ಲಿ ಉತ್ತರ ಬಂದಿತೆಂದು ಭಾವಿಸಿದರೆ, ಎರಡು ವೇಳೆಗಳ ವ್ಯತ್ಯಾಸ 20 ಎಂದು ಬರುವ ಬದಲು ಋಣ 980 ಎಂದು ಬರುತ್ತದೆ. ಎಂದರೆ ಉತ್ತರವು ಕೋರಿಕೆಗಿಂತ ಮೊದಲೇ ಬಂದಂತಾಗುತ್ತದೆ.

ಅಂತರ್ಜಾಲ ಸೇವಾ ಸಂಸ್ಥೆಯಾದ ಕ್ಲೌಡ್‌ಫ್ಲೇರ್‌ನಲ್ಲಿ ನಡೆದದ್ದು ಇದೇ. ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಅದರ ಡಿಎನ್‌ಎಸ್ ಪ್ರೋಗ್ರಾಮು, ಹಿಂದಿನ ಉತ್ತರಗಳು ಬರಲು ಹಿಡಿದ ಹೊತ್ತನ್ನು ಆಧರಿಸಿ ಮುಂದಿನ ಸರ್ವರನ್ನು ಆಯ್ಕೆ ಮಾಡುತ್ತಿತ್ತು. ಅವಧಿ ಸೊನ್ನೆಯಾಗಿದ್ದರೆ ಏನು ಮಾಡಬೇಕೆಂದು ಬರೆದಿದ್ದವರು ಅದು ಸೊನ್ನೆಗಿಂತ ಕೆಳಗಿಳಿಯಬಹುದೆಂದು ಎಣಿಸಿರಲಿಲ್ಲವಾದ್ದರಿಂದ, ಋಣ ಸಂಖ್ಯೆ ಬಂದ ಕಡೆಗಳಲ್ಲಿ ಪ್ರೋಗ್ರಾಮು ಕುಸಿದು ಕೆಲವು ತಾಣಗಳು ಸಿಗದಂತಾದವು. ‘ಸೊನ್ನೆಗೆ ಸಮ’ ಎಂಬ ಪರೀಕ್ಷೆಯನ್ನು ‘ಸೊನ್ನೆ ಅಥವಾ ಅದಕ್ಕಿಂತ ಕಡಿಮೆ’ ಎಂದು ಬದಲಾಯಿಸಲು ಒಂದೇ ಅಕ್ಷರದ ತಿದ್ದುಪಡಿ ಸಾಕಾಯಿತು.

ನಿಜವಾದ ಪರಿಹಾರ ಇನ್ನೂ ಕೆಳಗಿನ ಪದರದಲ್ಲಿದೆ. ಆಪರೇಟಿಂಗ್ ಸಿಸ್ಟಂಗಳು ಮೊನೊಟಾನಿಕ್ ಕ್ಲಾಕ್ ಎಂಬ ಏಕಮುಖ ಗಡಿಯಾರವನ್ನೂ ಒದಗಿಸುತ್ತವೆ. ಸಾಮಾನ್ಯವಾಗಿ ಕಂಪ್ಯೂಟರ್ ಚಾಲೂ ಆದಾಗಿನಿಂದ ಎಣಿಕೆ ಆರಂಭಿಸುವ ಇದು ಎಂದಿಗೂ ಹಿಂದಕ್ಕೆ ಸರಿಯುವುದಿಲ್ಲ, ದಿನಾಂಕವನ್ನು ಬದಲಿಸಿದರೂ ವಿಚಲಿತವಾಗುವುದಿಲ್ಲ. ಇದರಿಂದ ಗಂಟೆ ಎಷ್ಟೆಂದು ತಿಳಿಯದು, ಒಂದು ಯಂತ್ರದ ಎಣಿಕೆಯನ್ನು ಇನ್ನೊಂದರ ಎಣಿಕೆಯೊಡನೆ ಹೋಲಿಸಲೂ ಆಗದು. ಒಂದೇ ಯಂತ್ರದೊಳಗಿನ ಎರಡು ಕ್ಷಣಗಳ ನಡುವಿನ ಅಂತರವನ್ನು ಮಾತ್ರ ಇದು ನಂಬಿಕೆಗೆ ಅರ್ಹವಾಗಿ ಹೇಳುತ್ತದೆ. ಜಾವಾದ ನ್ಯಾನೋಟೈಮ್, ಪೈಥಾನ್ 3.3ರಲ್ಲಿ ಬಂದ ಮೊನೊಟಾನಿಕ್, ಸಿ++11ರ ಸ್ಟೆಡಿ ಕ್ಲಾಕ್ ಎಲ್ಲವೂ ಇದೇ ಉದ್ದೇಶದವು. ಕ್ಲೌಡ್‌ಫ್ಲೇರ್‌ನ ಪ್ರೋಗ್ರಾಮು ಬರೆಯಲಾಗಿದ್ದ ಗೋ ಭಾಷೆಯು 2017ರ ಆಗಸ್ಟಿನಲ್ಲಿ ಬಂದ 1.9ನೆಯ ಆವೃತ್ತಿಯಿಂದ ಈ ಎಣಿಕೆಯನ್ನು ತನ್ನ ಸಮಯದ ಮೌಲ್ಯದೊಳಗೇ ಸೇರಿಸಿಕೊಂಡಿತು.

ಗಡಿಯಾರ ಸರಿಯಾದದ್ದಾದರೂ ಎಣಿಕೆಯನ್ನು ಹಿಡಿದಿಡುವ ಜಾಗ ಸಾಲದೆ ಹೋಗಬಹುದು. ಮಿಲಿಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸಿದರೆ ಸುಮಾರು 49.7 ದಿನಗಳಿಗೆ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಈ ಕಾರಣದಿಂದಲೇ ವಿಂಡೋಸ್ 95 ಅಷ್ಟು ದಿನ ನಿರಂತರವಾಗಿ ನಡೆದರೆ ಸ್ಥಗಿತಗೊಳ್ಳುತ್ತಿತ್ತು. ಇದಕ್ಕಿಂತ ದಾರುಣವಾದುದು 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ನಡೆದ ಘಟನೆ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯು ಚಾಲೂ ಆದಾಗಿನಿಂದ ಕಳೆದ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಎಂಬ ಭಿನ್ನರಾಶಿ ದ್ವಿಮಾನ ಪದ್ಧತಿಯಲ್ಲಿ ಮುಗಿಯದ ದಶಾಂಶದಂತೆ ಸಾಗುವುದರಿಂದ, ಅದನ್ನು 24 ಬಿಟ್‌ಗಳಿಗೆ ಕತ್ತರಿಸಿದಾಗ ಉಳಿದ ಅತಿ ಸಣ್ಣ ದೋಷ ನೂರು ಗಂಟೆಗಳಲ್ಲಿ ಬೆಳೆದು ಸುಮಾರು 0.34 ಸೆಕೆಂಡಾಯಿತು. ಅಷ್ಟರಲ್ಲಿ ಆ ವ್ಯವಸ್ಥೆ ಹೊಡೆದುರುಳಿಸಬೇಕಿದ್ದ ಶತ್ರುಪಕ್ಷದ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಲ್ಲದಾದ್ದರಿಂದ ರೇಡಾರ್ ತಪ್ಪು ಜಾಗದಲ್ಲಿ ಅದನ್ನು ಹುಡುಕಿತು. ಸೈನಿಕರ ವಸತಿಯ ಮೇಲೆ ಬಿದ್ದ ಆ ಕ್ಷಿಪಣಿಗೆ 28 ಮಂದಿ ಬಲಿಯಾದರು. ಸರಿಪಡಿಸಿದ ಪ್ರೋಗ್ರಾಮು ದಹ್ರಾನ್ ತಲುಪಿದ್ದು ಮರುದಿನ.

ಅಧಿಕ ಸೆಕೆಂಡಿನ ಪದ್ಧತಿಯನ್ನು 2035ರ ವೇಳೆಗೆ ಕೈಬಿಡಲು ತೂಕ ಮತ್ತು ಅಳತೆಗಳ ಜಾಗತಿಕ ಮಹಾಸಭೆ 2022ರಲ್ಲಿ ನಿರ್ಧರಿಸಿದೆಯಾದರೂ, ಎನ್‌ಟಿಪಿಯ ತಿದ್ದುಪಡಿಗಳೂ ಬಳಕೆದಾರರು ಕೈಯಾರೆ ಮಾಡುವ ಬದಲಾವಣೆಗಳೂ ಮುಂದುವರಿಯುವುದರಿಂದ ಸಮಸ್ಯೆ ಅಲ್ಲಿಗೆ ಮುಗಿಯುವುದಿಲ್ಲ. ಆದುದರಿಂದ ಪ್ರೋಗ್ರಾಮಿಂಗ್ ಕಲಿಸುವ ಅಧ್ಯಾಪಕರು ಗಡಿಯಾರವನ್ನು ಓದುವ ಮೊದಲ ಪಾಠದಲ್ಲೇ ಎರಡೂ ಗಡಿಯಾರಗಳನ್ನು ಪರಿಚಯಿಸಬೇಕು. ದಾಖಲೆಗೆ ದಿನಾಂಕದ ಗಡಿಯಾರ, ಅವಧಿಗೆ ಏಕಮುಖ ಗಡಿಯಾರ ಎಂಬ ನಿಯಮವನ್ನು ಪಾಲಿಸಲು ಪ್ರೋಗ್ರಾಮರನಿಗೆ ಹೆಚ್ಚಿನ ಶ್ರಮವೇನೂ ಬೇಕಿಲ್ಲ. ಪಾಲಿಸದಿದ್ದರೆ ಅದರ ಬೆಲೆ ತೆರುವವರು ಆ ಪ್ರೋಗ್ರಾಮನ್ನು ನಂಬಿಕೊಂಡವರು.