ತೂಕ ಮತ್ತು ಭಾರ: ವಿಜ್ಞಾನ ತರಗತಿಯಲ್ಲಿ ಒಂದು ಭಾಷಾಪಾಠ

ಒಂಬತ್ತನೇ ತರಗತಿಗೆ ‘ಗುರುತ್ವ’ ಬೋಧಿಸುವಾಗ ಸೂತ್ರಕ್ಕಿಂತ ಮೊದಲು ಎದುರಾಗುವ ತೊಡಕು ಪದದ್ದು. ಪಠ್ಯದಲ್ಲಿ ದ್ರವ್ಯರಾಶಿ ಬೇರೆ, ತೂಕ ಬೇರೆ. ಸಿಂಧನೂರಿನ ಮಾರುಕಟ್ಟೆಯಲ್ಲಿ ಎರಡೂ ಒಂದೇ. ಭತ್ತದ ಚೀಲದ ತೂಕ 75 ಕಿಲೋ ಎನ್ನುತ್ತೇವೆ. ವಿಜ್ಞಾನದ ಪ್ರಕಾರ ಅದು ದ್ರವ್ಯರಾಶಿ. ಭೂಮಿ ಆ ಚೀಲವನ್ನು ಎಳೆಯುವ ಬಲವೇ ತೂಕ: 75ನ್ನು 9.8ರಿಂದ ಗುಣಿಸಿದರೆ 735 ನ್ಯೂಟನ್. ಚಂದ್ರನ ಮೇಲೆ ಅದು ಸುಮಾರು ಆರನೇ ಒಂದು ಭಾಗವಾಗುತ್ತದೆ. ಒಳಗಿನ ಭತ್ತ ಮಾತ್ರ ಒಂದು ಕಾಳೂ ಕಡಿಮೆಯಾಗುವುದಿಲ್ಲ.

ಪೂರ್ವಜ್ಞಾನ ಪರೀಕ್ಷೆಗಾಗಿ, ಮನೆಯಲ್ಲಿ ತೂಕಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. ‘ವಜ್ಜಿ’, ‘ವಜನ’, ‘ಭಾರ’ ಎಂಬ ಉತ್ತರಗಳು ಬಂದವು. ವಜನ ಅರಬ್ಬಿ ಮೂಲದ ಪದ, ಉರ್ದುವಿನ ಮೂಲಕ ಬಂದದ್ದು. ಸಿಂಧನೂರು, ಲಿಂಗಸುಗೂರು, ಮಸ್ಕಿ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದನ್ನು ಇಲ್ಲಿ ನೆನಪಿಸಬಹುದು. ‘ತೂಕ’ ನಮ್ಮದೇ ಪದ, ‘ತೂಗು’ ಧಾತುವಿನಿಂದ ಹುಟ್ಟಿದ್ದು. ತಕ್ಕಡಿಯನ್ನೂ ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ತರಗತಿಯ ಕೊನೆಯ ಬೆಂಚಿನ ತೂಕಡಿಕೆಯೂ ಅದೇ ಕುಟುಂಬದ್ದು.

ತೂಕದ ಪದ ಬೇರೆ ಅರ್ಥಕ್ಕೆ ಹರಿಯುವುದು ಕನ್ನಡದಲ್ಲಿ ಮಾತ್ರವಲ್ಲ. ಸ್ಪ್ಯಾನಿಷ್ ಭಾಷೆಯ ‘ಪೆಸೊ’ ಎಂದರೆ ತೂಕ. ಮೆಕ್ಸಿಕೊದ ನಾಣ್ಯದ ಹೆಸರೂ ಅದೇ. ‘ಪೆಸಾರ್’ ಎಂದರೆ ತೂಗು. ಅದಕ್ಕೆ ದುಃಖ ಎಂಬ ಅರ್ಥವೂ ಇದೆ. ನಮ್ಮಲ್ಲೂ ಬ್ರಿಟಿಷರ ಬೆಳ್ಳಿ ರೂಪಾಯಿಯ ತೂಕವೇ ಒಂದು ತೊಲ, ಅಂದರೆ 11.66 ಗ್ರಾಂ. ದುಃಖವಾದಾಗ ನಮಗೂ ಎದೆ ಭಾರವಾಗುತ್ತದೆ.

ಮಕ್ಕಳು ಹೇಳಿದ ನುಡಿಗಟ್ಟುಗಳನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲುಗಳಲ್ಲಿ ಬರೆದೆ. ತೂಕದ ಮಾತು, ತೂಕದ ಮನುಷ್ಯ ಒಂದು ಕಡೆ. ತಲೆಭಾರ, ಭೂಮಿಗೆ ಭಾರ ಇನ್ನೊಂದು ಕಡೆ. ತೂಕ ವ್ಯಕ್ತಿಯ ಸ್ವಂತದ್ದು, ಅದರಿಂದ ಗೌರವ. ಭಾರ ಇನ್ನೊಬ್ಬರ ಮೇಲೆ ಬೀಳುವಂಥದ್ದು. ‘ಹಗುರ’ ಎರಡೂ ಕಡೆ ಸಲ್ಲುತ್ತದೆ: ಮನಸ್ಸು ಹಗುರಾದರೆ ಒಳ್ಳೆಯದು, ಮಾತು ಹಗುರಾದರೆ ಕೆಟ್ಟದ್ದು.

ಬಳಿಕ ಸ್ವಂತ ವಾಕ್ಯ ಬರೆಯಲು ಹೇಳಿದೆ. ಒಂದು ಚೀಟಿಯಲ್ಲಿ ಹುಡುಗಿಯೊಬ್ಬಳು ಬರೆದಿದ್ದಳು: ‘ಹೆಣ್ಣುಮಕ್ಕಳು ಮನೆಗೆ ಭಾರ.’ ವ್ಯಾಕರಣದಲ್ಲಿ ತಪ್ಪಿಲ್ಲ, ಬಳಕೆಯಲ್ಲೂ ತಪ್ಪಿಲ್ಲ. ಆದರೆ ಸರಿ ಎಂದು ಗುರುತು ಹಾಕಿ ಮುಂದೆ ಹೋಗುವಂಥ ವಾಕ್ಯವಲ್ಲ ಅದು. ಹೆಸರು ಹೇಳದೆ, ಉಪದೇಶವನ್ನೂ ಮಾಡದೆ, ಹಲಗೆಯ ಮೇಲೆ ಎರಡು ವಾಕ್ಯ ಬರೆದೆ: ‘ಅವಳು ಮನೆಗೆ ಭಾರ’, ‘ಅವಳು ಮನೆಯ ಭಾರ ಹೊತ್ತಿದ್ದಾಳೆ’. ಮೊದಲನೆಯದರಲ್ಲಿ ‘ಗೆ’, ಚತುರ್ಥಿ. ಎರಡನೆಯದರಲ್ಲಿ ಷಷ್ಠಿ. ವಿಭಕ್ತಿ ಬದಲಾದೊಡನೆ ಭಾರವಾಗಿದ್ದವಳೇ ಭಾರ ಹೊರುವವಳಾಗುತ್ತಾಳೆ.

‘ನಿಮ್ಮ ಮನ್ಯಾಗ ಎರಡನೇದು ಯಾರಿಗೆ ಹೊಂದತೈತಿ?’ ಎಂದು ಕೇಳಿದೆ. ಹತ್ತಿ ಬಿಡಿಸಲು ಹೋಗುವ ಅವ್ವ, ಶಾಲೆಗೆ ಬರುವ ಮುನ್ನ ನೀರು ತುಂಬುವ ಅಕ್ಕ ಎಂದು ಒಬ್ಬೊಬ್ಬರಾಗಿ ಹೇಳತೊಡಗಿದರು. ಚೀಟಿ ಬರೆದವಳು ಏನೂ ಹೇಳಲಿಲ್ಲ. ಎರಡೂ ವಾಕ್ಯಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡಳು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಈ ಘಟಕಕ್ಕೆ ಪಾಠಯೋಜನೆ ಬರೆಯುವಾಗ ನುಡಿಗಟ್ಟುಗಳಿಗೆ ಹತ್ತು ನಿಮಿಷ ಮೀಸಲಿಡಿ. ವಸ್ತುವಿನ ತೂಕ ಅದು ಎಲ್ಲಿದೆ ಎಂಬುದರ ಮೇಲೆ ನಿಂತಿದೆ, ದ್ರವ್ಯರಾಶಿ ಹಾಗಲ್ಲ ಎಂಬ ಮುಖ್ಯ ಅಂಶ ಆಮೇಲೆ ಸುಲಭವಾಗಿ ತಲೆಗೆ ಹತ್ತುತ್ತದೆ.