ಅಳುವ ಕೂಸಿಗೆ ಬೇಕಾದ ತೋಳುಗಳು

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸು ಅಳಲು ತೊಡಗಿದರೆ ನಮ್ಮ ಸೀಮೆಯಲ್ಲಿ ಮೊದಲು ವಿಚಾರಣೆಗೆ ಒಳಗಾಗುವವಳು ಬಾಣಂತಿ. ಮಧ್ಯಾಹ್ನ ಏನು ತಿಂದಳು, ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳೋ ಇಲ್ಲವೋ, ಕೂಸನ್ನು ಯಾರ ಕಣ್ಣಿಗೆ ಬೀಳಿಸಿದಳು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಬದನೆಕಾಯಿ, ಅಲಸಂದೆಗಳೂ ಆರೋಪಿಗಳ ಪಟ್ಟಿಗೆ ಸೇರುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನರ ನಡುವೆ ಮಕ್ಕಳ ವೈದ್ಯನಾಗಿ ಕೆಲಸ ಮಾಡಿದ ವರ್ಷಗಳಲ್ಲಿ ಜ್ವರ, ಭೇದಿಗಳಷ್ಟೇ ಸಲ ನನ್ನ ಮುಂದೆ ಬಂದ ದೂರು ಇದು. ಈ ನಡುವೆ ಜಿಲ್ಲೆಯ ಹೆಸರುಗಳು ಬದಲಾದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ದೂರು ಮಾತ್ರ ಇದ್ದಂತೆಯೇ ಇದೆ.

“ಎದಿಹಾಲು ಸಾಲ್ದಂಗಾಗೈತ್ರಿ ಡಾಕ್ಟ್ರೇ, ಡಬ್ಬಿ ಹಾಲು ಬರ್ದು ಕೊಡ್ರಿ.” ಹೀಗೆ ಹೇಳುವವರು ಸಾಮಾನ್ಯವಾಗಿ ಅತ್ತೆ. ಸೊಸೆ ಗೋಡೆಗೆ ಆತು ನಿಂತಿರುತ್ತಾಳೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಇಂಥ ಸಂದರ್ಭದಲ್ಲಿ ವಾದಕ್ಕಿಂತ ತಕ್ಕಡಿ ಮೇಲು. ಎಳೆಗೂಸು ದಿನಕ್ಕೆ 20ರಿಂದ 30 ಗ್ರಾಂನಷ್ಟು ತೂಕ ಕೂಡಿಸಿಕೊಳ್ಳುತ್ತಿದ್ದರೆ, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದ್ದರೆ ತಾಯಿಯ ಹಾಲು ಸಾಲುತ್ತಿದೆ ಎಂದೇ ಅರ್ಥ. ತಕ್ಕಡಿಯ ಮುಳ್ಳು ತೋರಿಸಿ ಇದನ್ನು ಹೇಳಿದಾಗ ಅತ್ತೆಗೆ ಅರ್ಧ ನಂಬಿಕೆ ಬರುತ್ತಿತ್ತು. ಸೊಸೆಯ ಮುಖದಲ್ಲಿ ಆಗುತ್ತಿದ್ದ ಬದಲಾವಣೆಯನ್ನು ಮಾತ್ರ ನಾನು ಮರೆಯಲಾರೆ. ಹಾಲು ಸಾಲದೆಂಬ ಅನುಮಾನ ಸಣ್ಣದಲ್ಲ. ಡಬ್ಬಿಯ ಹಾಲಿಗೆ ಹಣ ಸಾಲದಾದಾಗ ಪುಡಿ ಕಡಿಮೆಯಾಗಿ ನೀರು ಹೆಚ್ಚಾಗುತ್ತದೆ, ಬಾಟಲಿಯೊಡನೆ ಭೇದಿ ಬರುತ್ತದೆ, ಕೂಸು ಚೀಪುವುದು ಕಡಿಮೆಯಾದಂತೆ ಇದ್ದ ಎದೆಹಾಲೂ ಬತ್ತುತ್ತದೆ. ಸುಳ್ಳು ಆರೋಪವೊಂದು ಹೀಗೆ ತಿಂಗಳೊಪ್ಪತ್ತಿನಲ್ಲಿ ನಿಜವಾಗಿ ಕೂರುತ್ತದೆ.

ಹಾಗಾದರೆ ಹೊಟ್ಟೆ ತುಂಬಿದ ಕೂಸು ಏಕೆ ಅಳುತ್ತದೆ? ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 1962ರಲ್ಲಿ 80 ಶಿಶುಗಳ ಅಳುವಿನ ಲೆಕ್ಕವನ್ನು ತಾಯಂದಿರಿಂದಲೇ ಬರೆಸಿ ಪ್ರಕಟಿಸಿದರು. ಆರೋಗ್ಯವಾಗಿದ್ದ ಆ ಕೂಸುಗಳ ಅಳು ವಾರದಿಂದ ವಾರಕ್ಕೆ ಏರಿ, ಆರನೆಯ ವಾರದಲ್ಲಿ ದಿನಕ್ಕೆ ಸುಮಾರು ಎರಡೂ ಮುಕ್ಕಾಲು ಗಂಟೆ ಮುಟ್ಟಿ, ಮೂರು ತಿಂಗಳ ಹೊತ್ತಿಗೆ ತಾನಾಗಿ ಇಳಿದಿತ್ತು. ಹೆಚ್ಚಿನ ಅಳುವೆಲ್ಲ ಸಂಜೆಯಲ್ಲೇ. ಕಲಹರಿ ಮರುಭೂಮಿಯ ಬೇಟೆಗಾರ ಸಮುದಾಯದ ಕೂಸುಗಳಲ್ಲೂ ಇದೇ ಏರಿಳಿತ ಕಂಡಿತು ಎಂಬುದು ಮುಂದಿನ ಅಧ್ಯಯನಗಳ ಮಾತು. ಬಾಸ್ಟನ್ನಿಗೂ ಕಲಹರಿಗೂ ಸಮಾನವಾದುದಕ್ಕೆ ಕೊಟ್ಟೂರಿನ ಬದನೆಕಾಯಿಯನ್ನು ಹೊಣೆ ಮಾಡುವುದು ಕಷ್ಟ. ಇನ್ನೂ ಪಕ್ವಗೊಳ್ಳುತ್ತಿರುವ ನರಮಂಡಲದ ಒಂದು ಘಟ್ಟ ಇದೆಂದು ಬಹುಪಾಲು ತಜ್ಞರು ಈಗ ತಿಳಿಯುತ್ತಾರೆ.

ಎಲ್ಲ ಅಳುವೂ ಹೀಗಲ್ಲ ಎಂಬುದನ್ನೂ ಹೇಳಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿ ಉಬ್ಬಿದರೆ, ಎಂದೂ ಕೇಳದ ಕೀರಲು ದನಿಯಲ್ಲಿ ಚೀರಿದರೆ ದೃಷ್ಟಿ ತೆಗೆಯುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ಮನೆಮದ್ದುಗಳ ವಿಷಯಕ್ಕೆ ಬಂದರೆ ನಾನು ಪೂರ್ತಿ ವಿರೋಧಿಯಲ್ಲ. ಹೊಕ್ಕಳ ಸುತ್ತ ಇಂಗಿನ ನೀರು ಸವರುವುದರಿಂದ ಕೆಡುಕೇನೂ ಇಲ್ಲ. ಸವರುವ ಬೆಚ್ಚನೆಯ ಬೆರಳಿನಿಂದ ಕೊಂಚ ಹಿತವೂ ಇದ್ದೀತು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಮನೆಯವರ ಆತಂಕ ಇಳಿಯುತ್ತದೆ, ಘಾಟು ಕೂಸಿನ ಮೂಗಿಗೆ ಹೋಗದಿದ್ದರೆ ಸಾಕು. ಆದರೆ ಲೋಬಾನದ ಹೊಗೆಯನ್ನು ತೊಟ್ಟಿಲಿನ ಅಡಿಯಲ್ಲೇ ಇಡುವುದನ್ನು, ಬಜೆ ತೇಯ್ದು ನೆಕ್ಕಿಸುವುದನ್ನು ನಾನು ಒಪ್ಪಲಾರೆ. ಅಂಗಡಿಯ ಗ್ರೈಪ್ ವಾಟರ್ ಕೂಡ ಹಾಗೆಯೇ. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಮದ್ದಿನ ಮೂಲ ಪಾಕದಲ್ಲಿ ಮದ್ಯಸಾರವೂ ಇತ್ತು. ಆ ಕಾಲದ ಕೂಸುಗಳು ಸುಮ್ಮನಾದುದರ ಗುಟ್ಟು ಅದರಲ್ಲೂ ಇದ್ದೀತು. ಇಂದಿನದರಲ್ಲಿ ಮದ್ಯಸಾರವಿಲ್ಲ, ಹೇಳಿಕೊಳ್ಳುವಂಥ ಗುಣವೂ ಇಲ್ಲ. ಆರು ತಿಂಗಳವರೆಗೆ ಎದೆಹಾಲಿನ ಹೊರತು ಏನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಈ ಬಾಟಲಿಗೂ ಆ ಮಾತು ಅನ್ವಯಿಸುತ್ತದೆ.

ನಿಜವಾದ ಮದ್ದು ನಮ್ಮ ಅಜ್ಜಿಯರ ಬಳಿಯೇ ಇತ್ತು: ಎತ್ತಿಕೊಳ್ಳುವುದು. ಹಗಲಿಡೀ ಕೂಸು ಒಂದಲ್ಲ ಒಂದು ಹೆಗಲ ಮೇಲೆ ಇರುತ್ತಿತ್ತು. “ಎತ್ತಿ ಎತ್ತಿ ರೂಢಿ ಮಾಡಬ್ಯಾಡ್ರಿ” ಎಂಬ ಬುದ್ಧಿಮಾತು ಪೇಟೆಯಿಂದ ಬಂದದ್ದು. ಕೆನಡಾದ ಹುನ್ಸಿಕರ್ ಮತ್ತು ಬಾರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಳದಿದ್ದಾಗಲೂ ಕೂಸನ್ನು ಹೆಚ್ಚು ಹೊತ್ತು ಎತ್ತಿಕೊಂಡ ತಾಯಂದಿರ ಮಕ್ಕಳು ಆರನೆಯ ವಾರದಲ್ಲಿ ಶೇಕಡ 43ರಷ್ಟು ಕಡಿಮೆ ಅತ್ತಿದ್ದರು. ಜಪಾನಿನ ವಿಜ್ಞಾನಿ ಕುಮಿ ಕುರೊಡಾ ಅವರ ತಂಡ 2022ರಲ್ಲಿ ಇದಕ್ಕೊಂದು ಕ್ರಮವನ್ನೇ ಸೂಚಿಸಿತು: ಅಳುವ ಕೂಸನ್ನು ಎದೆಗೆ ಆನಿಸಿಕೊಂಡು ಐದು ನಿಮಿಷ ನಿಲ್ಲದೆ ನಡೆಯಬೇಕು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕುಳಿತಿದ್ದು ಆಮೇಲೆ ಹಾಸಿಗೆಗೆ ಇಳಿಸಬೇಕು. ಅವಸರದಲ್ಲಿ ಇಳಿಸಿದರೆ ಎಚ್ಚರವಾಗುತ್ತದೆ. ಅಂಗಳದಲ್ಲಿ ಶತಪಥ ತಿರುಗುತ್ತಿದ್ದ ಅಜ್ಜಿಯರಿಗೆ ಇದನ್ನು ಓದಿ ಹೇಳಿದರೆ ನಕ್ಕಾರು.

ಏನು ಮಾಡಿದರೂ ಅಳು ನಿಲ್ಲದ ರಾತ್ರಿಗಳೂ ಇರುತ್ತವೆ. ಆಗ ಕೂಸನ್ನು ಅಂಗಾತ ಮಲಗಿಸಿ, ಬಾಗಿಲಾಚೆ ಐದು ನಿಮಿಷ ನಿಂತು ಉಸಿರು ತಂದುಕೊಳ್ಳುವುದು ತಪ್ಪಲ್ಲ. ಸಿಟ್ಟಿನಲ್ಲಿ ಕೂಸನ್ನು ಹಿಡಿದು ಅಲುಗಾಡಿಸುವುದು ಮಾತ್ರ ಎಂದಿಗೂ ಕೂಡದು, ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ.

ಎತ್ತಿಕೊಳ್ಳಿರಿ ಎಂದು ಹೇಳುವುದು ಸುಲಭ, ಎತ್ತಿಕೊಳ್ಳಲು ತೋಳುಗಳಿದ್ದಾಗ. ನಮ್ಮ ಕೆಂಪು ನೆಲದಲ್ಲಿ ಶೇಂಗಾ, ಜೋಳದ ಕೊಯಿಲು ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಅದಕ್ಕೂ ಮೊದಲೇ, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ತಾಂಡಾಗಳಿಂದ, ಕೇರಿಗಳಿಂದ ಜನ ಗುಳೆ ಹೊರಡುತ್ತಾರೆ. ಕಾಫಿ ಕೊಯ್ಲಿಗೆ ಚಿಕ್ಕಮಗಳೂರು, ಕೊಡಗು. ಕಬ್ಬು ಕಡಿಯಲು ಬೇರೆಡೆ. ಕಟ್ಟಡ ಕೆಲಸಕ್ಕೆ ಬೆಂಗಳೂರು. ಅಜ್ಜಿ ಊರಲ್ಲಿ ಉಳಿಯುತ್ತಾಳೆ, ಇಲ್ಲವೇ ಅವಳೂ ಕೂಲಿಗೆ ಇಳಿಯುತ್ತಾಳೆ. ಕೂಸು ಗಿಡದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗುತ್ತದೆ. ಅದನ್ನು ತೂಗುವವಳು ಐದಾರು ವರ್ಷದ ಅಕ್ಕ. ಆ ಹುಡುಗಿ ಆ ಹೊತ್ತಿಗೆ ಶಾಲೆಯಲ್ಲಿ ಇರಬೇಕಿತ್ತು.

ಕಾನೂನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ಆರು ವರ್ಷದೊಳಗಿನ ಐದು ಮಕ್ಕಳು ಕೆಲಸದ ಸ್ಥಳಕ್ಕೆ ಬಂದರೆ ಒಬ್ಬ ಮಹಿಳೆಯನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ ಕೂಲಿ ಕೊಡಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆ ಹೇಳಿತ್ತು. ಇಂಥ ಏರ್ಪಾಡು ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಹಳೆಯ ಮುಂಬಯಿಯೇ ಸಾಕ್ಷಿ. ಅಲ್ಲಿನ ಬಟ್ಟೆ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ತಾವು ಮರಳುವವರೆಗೆ ಕೂಸು ಮಲಗಿರಲೆಂದು ಅಫೀಮು ಬೆರೆಸಿದ ‘ಬಾಲಗೋಲಿ’ ನುಂಗಿಸುತ್ತಿದ್ದುದು ದಾಖಲಾದ ಇತಿಹಾಸ. ಅವರನ್ನು ಕ್ರೂರಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ನಿದ್ದೆ ಬರಿಸುವ ಕೆಮ್ಮಿನ ಸಿರಪ್ಪನ್ನು ಕೂಸಿಗೆ ಕುಡಿಸಿ ಕೆಲಸಕ್ಕೆ ಹೋಗುವ ತಾಯಿಯನ್ನು ಈ ಕಾಲದಲ್ಲೂ ಕಂಡಿದ್ದೇನೆ.

ರಾಜ್ಯದ 2023–24ರ ಬಜೆಟ್ಟಿನಲ್ಲಿ ‘ಕೂಸಿನ ಮನೆ’ಗಳನ್ನು 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದಾಗಿ ಘೋಷಿಸಿದ್ದು ಒಳ್ಳೆಯ ಹೆಜ್ಜೆ, ಹೆಸರೂ ನಮ್ಮ ಕಡೆಯ ಮಾತಿನಂತೆಯೇ ಇದೆ. ಆದರೆ ಅದು ಊರಲ್ಲೇ ಉಳಿದು ಖಾತರಿ ಕೆಲಸಕ್ಕೆ ಹೋಗುವ ತಾಯಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಯೋಜನೆ. ಊರು ಬಿಟ್ಟವಳ ಕೂಸಿಗೆ ಅಲ್ಲಿ ಜಾಗವಿದ್ದೂ ಇಲ್ಲದಂತೆ. ಇನ್ನು ಸಂಘಟಿತ ವಲಯದ ನೌಕರಳಿಗೆ 2017ರಿಂದ 26 ವಾರಗಳ ಹೆರಿಗೆ ರಜೆ ಇದೆ. ಅಳು ಏರುವ ಆರನೆಯ ವಾರ, ಇಳಿಯುವ ಹನ್ನೆರಡನೆಯ ವಾರ ಎರಡೂ ಅದರೊಳಗೇ ಕಳೆದುಹೋಗುತ್ತವೆ. ದಿನಗೂಲಿಯ ಹೆಣ್ಣಿಗೆ ಆರನೆಯ ವಾರ ಬರುವುದು ತೋಟದ ಲೈನುಮನೆಯಲ್ಲಿ, ಬೆಳಗ್ಗೆ ಏಳಕ್ಕೆ ಬುಟ್ಟಿ ಹಿಡಿದು ಸಾಲಿಗೆ ನಿಲ್ಲಬೇಕಾದಾಗ.

ತಾಂಡಾದಲ್ಲಿ ಯಾರು ಬಾಣಂತಿ, ಯಾರು ಗುಳೆ ಹೊರಟವರು ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಲಸಿಕೆಯ ವಿವರವಿರುವ ತಾಯಿ ಕಾರ್ಡ್ ಆ ಹೆಂಗಸಿನ ಗಂಟಿನಲ್ಲೇ ಲಾರಿ ಏರುತ್ತದೆ. ಅದೇ ವಿವರ ಅವಳು ಹೋಗಿ ಸೇರುವ ತಾಲ್ಲೂಕಿಗೆ ಕೊಯ್ಲು ಆರಂಭವಾಗುವ ಮುನ್ನವೇ ತಲುಪಿದರೆ, ಯಾವ ತೋಟದ ಬಳಿ ಎಷ್ಟು ಎಳೆಗೂಸುಗಳಿಗೆ ನೆರಳು, ತೊಟ್ಟಿಲು, ನೋಡಿಕೊಳ್ಳುವ ಹೆಂಗಸು ಬೇಕೆಂದು ಅಲ್ಲಿನವರು ಲೆಕ್ಕ ಹಾಕಬಹುದು. ತಾಯಿಗೆ ನಡುನಡುವೆ ಹಾಲೂಡಿಸಲು ಅರ್ಧ ಗಂಟೆಯ ಬಿಡುವನ್ನೂ ಗೊತ್ತುಪಡಿಸಬಹುದು. ಕಾಫಿ ಕೊಯ್ಲಿನ ಲಾರಿಗಳು ನಮ್ಮ ತಾಂಡಾಗಳಿಗೆ ಬರುವುದು ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ತಿಂಗಳಲ್ಲಿ.